ಸ್ಥಳೀಯ ಸುದ್ದಿ

ಟಿ. ನಗರ, ಚೆನ್ನೈ
6 ಜುಲೈ 2025, ಭಾನುವಾರ

ಅಕ್ಕನಿಗೆ ಐತಪ್ಪನ ನಮಸ್ಕಾರ.

ಫೋನು ಮಾಡಬಹುದಿತ್ತು. ಆದರೆ ನಮ್ಮದು ಒಂದೇ ಕೋಣೆಯ ಮನೆ. ಈ ಮೂಲೆಯಲ್ಲಿ ಪಿಸುಗುಟ್ಟಿದ್ದು ಆ ಮೂಲೆಯಲ್ಲಿ ಮಗಳು ನಿಶ್ಮಿತಾಳಿಗೆ ಕೇಳಿಸುತ್ತದೆ. ಕೆಲಸದ ಹೋಟೆಲಿನಲ್ಲಿ ಮಾತನಾಡಿದರೆ ಕಾಫಿಗಿಂತ ಮೊದಲು ಸುದ್ದಿ ಟೇಬಲಿಗೆ ಹೋಗುತ್ತದೆ. ಹಾಗಾಗಿ ಹಳೆಯ ಅಭ್ಯಾಸದಂತೆ ಬರೆಯುತ್ತಿದ್ದೇನೆ. ನೀವೂ ಉತ್ತರವನ್ನು ಮನೆಗೆ ಹಾಕಬೇಡಿ, ಹೋಟೆಲಿನ ವಿಳಾಸಕ್ಕೆ ಹಾಕಿ.

ವಿಷಯ ನಿಮ್ಮ ಈ ಸೋದರಸೊಸೆಯದ್ದೇ. ಅವಳ ಸರ್ಕಾರಿ ಶಾಲೆಯಲ್ಲಿ ಬೆಳಗಿನ ಪ್ರೇಯರ್ ಹೊತ್ತಿಗೆ ದಿನಕ್ಕೊಬ್ಬ ಹುಡುಗಿ ಮೈಕಿನಲ್ಲಿ ಪೇಪರಿನ ಸುದ್ದಿ ಓದುವುದುಂಟು. ಮೊನ್ನೆ ಗುರುವಾರ ಇವಳ ಸರದಿ. ದೇಶದ ಸುದ್ದಿ ಓದಿದಳಂತೆ, ಆಟೋಟ ಓದಿದಳಂತೆ. ಕೊನೆಗೆ ಕಾಗದ ಮಡಚಿ, "ಇನ್ನು ಸ್ಥಳೀಯ ಸುದ್ದಿ" ಎಂದು ಶುರುಮಾಡಿದ್ದಾಳೆ. ಶಾಲೆಯ ಟಾಯ್ಲೆಟ್ಟಿನಲ್ಲಿ ಹದಿನೇಳು ದಿನದಿಂದ ನೀರಿಲ್ಲ. ಹೋಗಬೇಕಾಗುತ್ತದೆ ಎಂದು ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ನಿನ್ನೆ ಎಂಟನೇ ಕ್ಲಾಸಿನ ಒಬ್ಬಳು ತಲೆ ತಿರುಗಿ ಬಿದ್ದಳು. ಸುದ್ದಿ ಮುಗಿಯಿತು, ವಣಕ್ಕಂ.

ಅವಳ ಗ್ರಹಚಾರಕ್ಕೆ ಅಂದು ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ವೇದಿಕೆಯ ಮೇಲೆಯೇ ನಿಂತಿದ್ದರು.

ಎಚ್.ಎಂ. ಮೇಡಂ ಕರೆದು ಗದರಿಸಿದಾಗ ಇವಳು, "ಮಾತನಾಡುವ ಹಕ್ಕು ಉಂಟು ಅಂತ ನಮ್ಮ ಪುಸ್ತಕದಲ್ಲೇ ಉಂಟಲ್ಲ ಮಿಸ್, ಐದು ಮಾರ್ಕಿನ ಪ್ರಶ್ನೆ" ಎಂದಿದ್ದಾಳೆ. "ಅದು ಪರೀಕ್ಷೆಗೆ" ಎಂದರಂತೆ ಅವರು. ಇದನ್ನೆಲ್ಲ ಸಂಜೆ ನಮಗೆ ಅರ್ಧ ತುಳು ಅರ್ಧ ತಮಿಳಿನಲ್ಲಿ ನಿಂತುಕೊಂಡೇ ಒಪ್ಪಿಸಿದಳು, ಮೇಡಂನ ದನಿ ಮಾಡಿ ತೋರಿಸಿ ನಗಿಸಿದಳು. ನಾನೂ ನಕ್ಕೆ. ಆಮೇಲೆ ಬ್ಯಾಗಿನಿಂದ ಚೀಟಿ ತೆಗೆದು ಕೊಟ್ಟಳು. 14ನೇ ತಾರೀಕು ತಂದೆ ಬರಬೇಕು, ಅಲ್ಲಿಯವರೆಗೆ ಇವಳು ಕ್ಲಾಸಿಗೆ ಬರುವಂತಿಲ್ಲ. ತಪ್ಪೊಪ್ಪಿಗೆ ಬರೆದುಕೊಡಬೇಕು, ಇಲ್ಲವಾದರೆ ಟಿ.ಸಿ. ಈ ವರ್ಷ ಅವಳದು ಪ್ಲಸ್ ಟೂ. ನಡುವೆ ಟಿ.ಸಿ. ಕೊಟ್ಟರೆ ಯಾವ ಶಾಲೆ ತೆಗೆದುಕೊಳ್ಳುತ್ತದೆ? ವರ್ಷ ಹೋಯಿತೆಂದೇ ಲೆಕ್ಕ.

ಇವಳ ಅಮ್ಮ ಬೆಳಿಗ್ಗೆ ಆರಕ್ಕೆ ಶೋಳಿಂಗನಲ್ಲೂರಿನ ಬಸ್ಸು ಹಿಡಿಯುವವಳು, ಅಲ್ಲಿ ಒಂದು ಕಂಪನಿಯ ಶಿಶುವಿಹಾರದಲ್ಲಿ ಕೆಲಸ. "ನೀವೇ ನೋಡಿಕೊಳ್ಳಿ" ಎಂದಿದ್ದಾಳೆ. ನೀವು ಹನ್ನೊಂದು ವರ್ಷ ಹೆಡ್‌ಮಾಸ್ತರಿಕೆ ಮಾಡಿದವರು. ಏನು ಮಾಡಲಿ, ಹೇಳಿ.

ನಿಮ್ಮ ತಮ್ಮ,
ಐತಪ್ಪ


ವಿಟ್ಲ
9 ಜುಲೈ 2025

ಐತಪ್ಪ,

ನಿನ್ನ ಪತ್ರ ಸಿಕ್ಕಿತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ನಮ್ಮ ಅಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ. ಹುಡುಗಿ ಹೇಳಿದ್ದು ಸುಳ್ಳಲ್ಲದೆ ಇರಬಹುದು. ಆದರೆ ಅಧಿಕಾರಿಯ ಎದುರು ಹೇಳಿದಳಲ್ಲ, ಅಲ್ಲಿ ಎಡವಿದಳು. ಒಬ್ಬ ಮುಖ್ಯೋಪಾಧ್ಯಾಯಿನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ, ನನಗೆ ಗೊತ್ತು.

ನೀನು ಹೋಗಿ ಕೈಮುಗಿದು ಕುಳಿತುಕೋ. ಎದುರು ಮಾತು ಬೇಡ. ಅವರು ಏನು ಕೇಳುತ್ತಾರೋ ಅದಕ್ಕೆ ಸಹಿ ಹಾಕಿಬಿಡು. ಶಾಲೆಯ ಫೈಲು ಎಂದರೆ ಕಾಗದ ಮಲಗುವ ಜಾಗ. ಹೋದದ್ದು ಮತ್ತೆ ಏಳುವುದಿಲ್ಲ. ಮಾರ್ಚ್ ಕಳೆದು ಪರೀಕ್ಷೆ ಮುಗಿದರೆ ಅವಳ ದಾರಿ ಅವಳಿಗೆ, ಅವರ ದಾರಿ ಅವರಿಗೆ.

ನಿಶ್ಮಿತಾಳಿಗೆ ನನ್ನ ಆಶೀರ್ವಾದ ತಿಳಿಸು. ಬೇಸಿಗೆ ರಜೆಯಲ್ಲಿ ಕೂರಿಸಿಕೊಂಡು ಕನ್ನಡ ಅಕ್ಷರ ಕಲಿಸಿದವಳು ನಾನು. ಒಂದು ಸಾಲು ಬರೆಯಲು ಅವಳಿಗೆ ಪುರುಸೊತ್ತಿಲ್ಲವಂತೆ, ಮೈಕು ಸಿಕ್ಕಿದರೆ ಮಾತ್ರ ಪುರುಸೊತ್ತು!

ಚಂದ್ರಮತಿ


ಟಿ. ನಗರ, ಚೆನ್ನೈ
16 ಜುಲೈ 2025

ಅಕ್ಕನಿಗೆ ನಮಸ್ಕಾರ.

ಸೋಮವಾರ ಹೋಗಿ ಬಂದೆ. ನೀವು ಹೇಳಿದ ಹಾಗೆಯೇ ಆಯಿತು. ನಾನು ಸುಮ್ಮನೆ ಹೆದರಿದ್ದೆ. ಮೇಡಂ ಒಳ್ಳೆಯವರು. "ಉಕ್ಕಾರುಂಗ ಸಾರ್" ಎಂದು ಕುರ್ಚಿ ತೋರಿಸಿದರು. ಇಪ್ಪತ್ತಾರು ವರ್ಷ ಈ ಊರಿನಲ್ಲಿ ಕಾಫಿ ಕೊಟ್ಟವನಿಗೆ ಕೂರಿಸಿ ಕಾಫಿ ತರಿಸಿದ್ದು ಅವರೊಬ್ಬರೇ. ಡಿಕಾಕ್ಷನ್ ನೀರು ನೀರಾಗಿತ್ತು, ಆದರೂ ಕುಡಿದೆ.

ಕಾಗದವನ್ನು ಅವರೇ ಬರೆಸಿ ಇಟ್ಟಿದ್ದರು. ಹೋಟೆಲಿನಲ್ಲಿ ಧಣಿಗಳು ಪಿ.ಎಫ್. ಕಾಗದ ಇಟ್ಟು ಎಲ್ಲಿ ಬೆರಳು ತೋರಿಸುತ್ತಾರೋ ಅಲ್ಲಿ ನಾವು ಸಹಿ ಹಾಕುತ್ತೇವೆ, ಹಾಗೆಯೇ ಮೇಡಂ ಬೆರಳಿಟ್ಟಲ್ಲಿ ಹಾಕಿದೆ. ಹತ್ತು ನಿಮಿಷದಲ್ಲಿ ಮುಗಿಯಿತು. ಟಿ.ಸಿ. ಮಾತು ಮತ್ತೆ ಬರಲಿಲ್ಲ. ಮಂಗಳವಾರದಿಂದ ನಿಶ್ಮಿತಾ ಕ್ಲಾಸಿಗೆ ಹೋಗುತ್ತಿದ್ದಾಳೆ.

ಮಂಗಳವಾರ ಸಂಜೆ ಬಂದವಳು ಒಂದೇ ಮಾತು ಕೇಳಿದಳು. "ಪಡಿಚ್ಚಿಯಾ ಪ್ಪಾ?" ಎಂದು. ಓದಿ ನೋಡಿಯೇ ಸಹಿ ಹಾಕಿದೆಯಾ ಎಂದು ಕೇಳಿದ್ದು. ನೋಡಿ ಅಕ್ಕ, ಹೆತ್ತ ತಂದೆಯನ್ನು ಕೇಳುವ ಪ್ರಶ್ನೆಯೇ ಇದು? "ಓದದೆ ಸಹಿ ಹಾಕ್ಲಿಕ್ಕೆ ನಾನೇನು ಹೆಬ್ಬೆಟ್ಟಾ?" ಎಂದೆ. ಸರಿ ಎಂದು ತಲೆಯಾಡಿಸಿ ಬಟ್ಟೆ ಬದಲಿಸಲು ಹೋದಳು.

ನಿಮ್ಮ ಬುದ್ಧಿಮಾತಿನಿಂದ ಉಳಿದೆವು.

ಐತಪ್ಪ


ವಿಟ್ಲ
21 ಜುಲೈ 2025

ಐತಪ್ಪ,

ಓದಿ ಸಮಾಧಾನವಾಯಿತು. ಇನ್ನು ಅದರ ಮಾತು ಮನೆಯಲ್ಲಿ ಎತ್ತಬೇಡಿ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ. ಕಾಗದದಲ್ಲಿ ಏನಿತ್ತೆಂದು ನೀನು ಬರೆದಿಲ್ಲ, ಇರಲಿ. ಅಂಥ ಕಾಗದಗಳಲ್ಲಿ ಏನಿರುತ್ತದೆಂದು ನನಗೆ ಗೊತ್ತು.

ಮಳೆಗೆ ನನ್ನ ಮೊಣಕಾಲು ಹಿಡಿದುಕೊಂಡಿದೆ. ಹಪ್ಪಳ ಕಟ್ಟಿಟ್ಟಿದ್ದೇನೆ, ಯಾರಾದರೂ ಅತ್ತ ಬರುವವರಿದ್ದರೆ ಕೊಟ್ಟು ಕಳುಹಿಸುತ್ತೇನೆ.

ಚಂದ್ರಮತಿ


ಟಿ. ನಗರ, ಚೆನ್ನೈ
5 ಆಗಸ್ಟ್ 2025

ಅಕ್ಕನಿಗೆ ನಮಸ್ಕಾರ.

ಬರೆಯುವಂಥದ್ದೇನೂ ಇರಲಿಲ್ಲ, ಹಾಗಾಗಿ ತಡವಾಯಿತು. ಈಗಲೂ ಇಲ್ಲ.

ಐದಕ್ಕೆ ಏಳುತ್ತೇನೆ. ಆರಕ್ಕೆ ಹಾಲು ಕಾಯಿಸುತ್ತೇನೆ. ದಿನಕ್ಕೆ ಎಂಟುನೂರು ಲೋಟ ಕಾಫಿ ಎತ್ತಿ ಹೊಯ್ಯುತ್ತೇನೆ. ಇಲ್ಲಿನವರ ಆಡಿ, ಅಂದರೆ ಆಷಾಢ ತಿಂಗಳ ಡಿಸ್ಕೌಂಟ್ ಎಂದು ಟಿ. ನಗರದಲ್ಲಿ ಕಾಲಿಡಲು ಜಾಗವಿಲ್ಲ, ಸೀರೆ ಚೀಲ ಹೊತ್ತವರೆಲ್ಲ ನಮ್ಮಲ್ಲಿಗೇ ಕಾಫಿಗೆ ಬರುತ್ತಾರೆ. ಈ ತಿಂಗಳೆಲ್ಲ ರಾತ್ರಿ ಹತ್ತಕ್ಕೆ ಮನೆ ಸೇರುತ್ತೇನೆ. ಪೇಪರು ತಿರುವುತ್ತೇನೆ. ಮಲಗುತ್ತೇನೆ.

ನಿಶ್ಮಿತಾ ಮಾತನಾಡುತ್ತಿಲ್ಲ. ಜಗಳವೇನೂ ಇಲ್ಲ, ಮುನಿಸಿನ ಮುಖವೂ ಇಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಊಟ ಮಾಡುತ್ತಾಳೆ, ಓದುತ್ತಾಳೆ, ಪಾತ್ರೆ ತೊಳೆದಿಡುತ್ತಾಳೆ. ಮೊದಲು ನಾನು ಪೇಪರು ತಂದರೆ ಕಿತ್ತುಕೊಂಡು ಮೈಕಿನ ಮುಂದೆ ನಿಂತವಳಂತೆ ಓದುತ್ತಿದ್ದಳು, ಪಕ್ಕದ ಮನೆಯವರು ರೇಡಿಯೋ ಬಂತು ಎಂದು ತಮಾಷೆ ಮಾಡುತ್ತಿದ್ದರು. ಈಗ ಪೇಪರು ಮಡಚಿದ ಹಾಗೆಯೇ ಇರುತ್ತದೆ. ಮನೆ ಶಾಂತವಾಗಿದೆ. ಇಷ್ಟು ಶಾಂತಿಯನ್ನು ನಾನು ಕೇಳಿಕೊಂಡಿರಲಿಲ್ಲ.

ನನಗೆ ಏನೂ ಅನ್ನಿಸುತ್ತಿಲ್ಲ ಅಕ್ಕ. ಅನ್ನಿಸಬೇಕಿತ್ತು ಎಂದು ಮಾತ್ರ ಅನ್ನಿಸುತ್ತದೆ.

ಐತಪ್ಪ


ವಿಟ್ಲ
10 ಆಗಸ್ಟ್ 2025

ಐತಪ್ಪ,

ಇದಕ್ಕೆ ಯಾಕೆ ಇಷ್ಟು ಚಿಂತೆ? ಹದಿನೇಳರ ಹುಡುಗಿ ಸುಮ್ಮನಾದಳೆಂದರೆ ಬುದ್ಧಿ ಬಂತು ಎಂದರ್ಥ. ನನ್ನ ಕೈಕೆಳಗೆ ಎಷ್ಟು ವಾಚಾಳಿ ಹುಡುಗಿಯರು ಹೀಗೆ ಒಂದೇ ಏಟಿಗೆ ಗಂಭೀರರಾಗಿದ್ದಾರೆ. ಪರೀಕ್ಷೆಯ ವರ್ಷ, ಓದಿನ ಕಡೆ ಗಮನ ಹೋಗಿದೆ. ಅದಕ್ಕೆ ನೀನು ಸಂತೋಷಪಡಬೇಕು.

ನೀನೂ ಸ್ವಲ್ಪ ನಿದ್ದೆ ಮಾಡು.

ಚಂದ್ರಮತಿ


ಟಿ. ನಗರ, ಚೆನ್ನೈ
19 ಆಗಸ್ಟ್ 2025

ಅಕ್ಕ,

ಒಂದು ವಿಷಯ ನಿಮಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ನನಗೆ ತಮಿಳು ಓದಲು ಬರುವುದಿಲ್ಲ.

ಮಾತನಾಡಿದರೆ ಈ ಊರಿನವನೇ ಎನ್ನುತ್ತಾರೆ. ಹೋಟೆಲಿನಲ್ಲಿ ಓದುವ ಅಗತ್ಯ ಬರಲಿಲ್ಲ. ಟೋಕನಿನ ಬಣ್ಣ ನೋಡಿದರೆ ಕಾಫಿಯೋ ಟೀಯೋ ತಿಳಿಯುತ್ತದೆ, ಬಸ್ಸಿಗೆ ನಂಬರು ಸಾಕು. ಮದುವೆಯಾದ ಹೊಸದರಲ್ಲಿ ಹೆಂಡತಿಯ ಎದುರು ಜಂಬಕ್ಕೆ ಒಂದು ದಿನ ತಮಿಳು ಪೇಪರು ಹಿಡಿದು ಕುಳಿತೆ. ಆಮೇಲೆ ಬಿಡಲಾಗಲಿಲ್ಲ. ನಮ್ಮ ಕ್ಯಾಷಿಯರ್ ಸುಕೇಶ್ ಇಲ್ಲೇ ಹುಟ್ಟಿ ಓದಿದವನು. ದಿನದ ಸುದ್ದಿಯನ್ನು ಅವನ ಬಾಯಿಂದ ಕೇಳಿಕೊಂಡು ಹೋಗಿ, ಮನೆಯಲ್ಲಿ ಫೋಟೋ ನೋಡುತ್ತಾ ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ನಾಟಕ. ಅಪ್ಪನಿಗೆ ಪೇಪರಿನ ಹುಚ್ಚು ಎಂದು ಮಗಳೂ ಸುದ್ದಿ ಓದಲು ಕಲಿತಳು.

ನಿನ್ನೆ ಮಧ್ಯಾಹ್ನ ಜನ ಕಡಿಮೆ ಇದ್ದಾಗ ಸುಕೇಶ್ ನನ್ನ ಹತ್ತಿರ ಬಂದ. ಅವನ ಮಗಳು ಪ್ರಣಮ್ಯಾ ಅದೇ ಶಾಲೆಯಲ್ಲಿ ಒಂಬತ್ತನೆಯ ಕ್ಲಾಸು. "ಐತಪ್ಪಣ್ಣ, ಒಂದು ಮಾತು ಹೇಳಿದ್ರೆ ಬೇಜಾರು ಮಾಡ್ಬೇಡಿ. ಸ್ವಂತ ಮಗಳ ಬಗ್ಗೆ ನೀವು ಹಾಗೆ ಬರ್ದು ಕೊಡ್ಬಾರ್ದಿತ್ತು" ಎಂದ.

"ಹೇಗೆ?" ಎಂದೆ.

"ಎಂತ ಹೇಗೆ? ಪ್ರೇಯರಲ್ಲಿ ಓದಿಸಿದ್ರಲ್ಲ. ಇಡೀ ಶಾಲೆಗೆ ಬಾಯಿಪಾಠ ಆಗಿದೆ."

ಆ ಕಾಗದದಲ್ಲಿತ್ತೆಂದು ಅವನು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. "ನನ್ನ ಮಗಳು ಮೈಕಿನಲ್ಲಿ ಹೇಳಿದ್ದು ಶುದ್ಧ ಸುಳ್ಳು. ಸುಳ್ಳು ಹೇಳುವ ಅಭ್ಯಾಸ ಅವಳಿಗೆ ಮನೆಯಲ್ಲೂ ಇದೆ. ತಂದೆಯಾದ ನಾನು ಇದರಿಂದ ತಲೆತಗ್ಗಿಸಿದ್ದೇನೆ. ಇನ್ನು ಮುಂದೆ ಶಾಲೆಯಲ್ಲಿ ಅವಳು ಬಾಯಿ ತೆರೆಯದಂತೆ ನೋಡಿಕೊಳ್ಳುವ ಹೊಣೆ ನನ್ನದು." ಕೆಳಗೆ ನನ್ನ ಹೆಸರು. ನಾನು ಸಹಿ ಹಾಕಿದ ಮರುದಿನ ಬೆಳಿಗ್ಗೆ ಅದೇ ಮೈಕಿನಲ್ಲಿ ಇದನ್ನು ಓದಿದ್ದು ಯಾರು ಗೊತ್ತೇ ಅಕ್ಕ? ನಿಶ್ಮಿತಾ. ಅವಳ ಕೈಯಲ್ಲೇ ಓದಿಸಿದರು. ಅದೇ ಸಂಜೆ ಬಂದು ನನ್ನನ್ನು ಕೇಳಿದಳು, ಓದಿದೆಯಾ ಎಂದು. ನಾನು ಹೌದು ಎಂದೆ.

ಹೋಟೆಲಿನಲ್ಲಿ ಎಲ್ಲರಿಗೂ ತಿಂಗಳಿನಿಂದ ಗೊತ್ತಿತ್ತಂತೆ. ನನಗೂ ಗೊತ್ತು ಎಂದುಕೊಂಡಿದ್ದರಂತೆ.

ಐದು ಕಾಫಿಯ ಟೋಕನ್ ಬಂದಿತ್ತು, ಹೊಯ್ದು ಕೊಟ್ಟೆ.

ನಿಮ್ಮನ್ನು ಒಂದೇ ಮಾತು ಕೇಳುತ್ತೇನೆ. ಅಂಥ ಕಾಗದಗಳಲ್ಲಿ ಏನಿರುತ್ತದೆಂದು ಗೊತ್ತು ಎಂದು ನೀವು ಬರೆದಿದ್ದಿರಿ. ಅದನ್ನು ಮಕ್ಕಳ ಕೈಯಲ್ಲಿ ಓದಿಸುತ್ತಾರೆ ಎಂಬುದೂ ಗೊತ್ತಿತ್ತೇ?

ಐತಪ್ಪ


ವಿಟ್ಲ
27 ಆಗಸ್ಟ್ 2025

ಐತಪ್ಪ,

ಗೊತ್ತಿತ್ತು.

ನಿನ್ನ ಪತ್ರ ಬಂದು ಐದು ದಿನವಾಯಿತು. ಎರಡು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ. ನೀನು ಓದಿದ ಮೇಲೆ ಇದನ್ನು ನಿಶ್ಮಿತಾಳಿಗೆ ಕೊಡು, ನನ್ನ ಹಿಂದಿನ ಪತ್ರಗಳನ್ನೂ ಕೊಡು.

2008ರಲ್ಲಿ ನಾನು ಮುಖ್ಯೋಪಾಧ್ಯಾಯಿನಿಯಾಗಿ ಮೂರನೆಯ ವರ್ಷ. ಪಂಚಾಯತಿನವರು ಮಕ್ಕಳ ಗ್ರಾಮಸಭೆ ಮಾಡಿದರು. ಮಕ್ಕಳೇ ಪ್ರಶ್ನೆ ಕೇಳಬೇಕು, ದೊಡ್ಡವರು ಉತ್ತರ ಕೊಡಬೇಕು. ನಾನು ನಾಲ್ಕು ಪ್ರಶ್ನೆ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಕರೆದುಕೊಂಡು ಹೋಗಿದ್ದೆ. ಆಟದ ಮೈದಾನ, ಬೀದಿದೀಪ, ಇಂಥವು. ಅವು ಮುಗಿದ ಮೇಲೆ ಏಳನೆಯ ತರಗತಿಯ ಒಬ್ಬಳು ಎದ್ದು ನಿಂತು, "ಬಿಸಿಯೂಟದ ಅಕ್ಕಿಯಲ್ಲಿ ಹುಳ ಉಂಟು, ನಾವು ಹೆಕ್ಕಿ ತಿನ್ನುದು" ಎಂದಳು. ಅಧ್ಯಕ್ಷರು ನನ್ನ ಮುಖ ನೋಡಿದರು.

ಹುಳ ಇದ್ದದ್ದು ನಿಜ. ಮೂಟೆ ಬಿಚ್ಚಿದಾಗ ನಾನೇ ಕಂಡಿದ್ದೆ. ಅಕ್ಕಿ ಚೆನ್ನಾಗಿದೆ ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿದವಳೂ ನಾನೇ.

ಮರುದಿನ ಅವಳ ತಂದೆಯನ್ನು ಕರೆಸಿದೆ. ಬೀಡಿ ಕಟ್ಟುವವನು, ಓದು ಬಾರದವನು. ಕಾಗದ ನಾನೇ ಬರೆದೆ. ಅವನು ಹೆಬ್ಬೆಟ್ಟು ಒತ್ತಿದ. ಅದನ್ನು ಪ್ರಾರ್ಥನೆಯಲ್ಲಿ ಮಗಳ ಕೈಯಲ್ಲಿ ಓದಿಸಿದೆ. ಅವಳು ಪಾಠ ಓದುವ ಹಾಗೆ, ಪ್ರತಿ ವಾಕ್ಯಕ್ಕೂ ನಿಲ್ಲಿಸಿ, ಒಂದು ಅಕ್ಷರ ತಪ್ಪದೆ ಓದಿದಳು. ಎಷ್ಟು ಚೆನ್ನಾಗಿ ಓದುತ್ತಾಳೆ ಎಂದು ನಾನು ನಿಂತಲ್ಲೇ ಮೆಚ್ಚಿಕೊಂಡೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ. ಅಂದು ಆಗಲಿಲ್ಲ. ದಸರಾ ರಜೆಯ ಮೇಲೆ ಅವಳು ಶಾಲೆಗೆ ಬರಲಿಲ್ಲ. ಯಾಕೆಂದು ಕೇಳಲು ನಾನೂ ಹೋಗಲಿಲ್ಲ.

ಹಾಗಾಗಿ ನೀನು ಬರೆದಾಗ ನನಗೆ ಮೇಡಂನ ಕಷ್ಟ ಕಂಡಿತು, ನಮ್ಮ ಹುಡುಗಿಯದು ಕಾಣಲಿಲ್ಲ. ಅವಳು ಮಾತು ಬಿಟ್ಟಳು ಎಂದಾಗಲೂ ಬುದ್ಧಿ ಬಂತು ಎಂದೆ.

ಈಗ ಮಾಡಬೇಕಾದ್ದು ಒಂದೇ. ಕೊಟ್ಟ ಕಾಗದವನ್ನು ಕಾಗದದಿಂದಲೇ ಹಿಂತೆಗೆದುಕೊಳ್ಳಬೇಕು. ಒಂದು ಕರಡು ಇಟ್ಟಿದ್ದೇನೆ. ನನಗೆ ಓದಲು ಬಾರದೆ ಸಹಿ ಹಾಕಿದೆ, ಅದರಲ್ಲಿರುವುದು ನನ್ನ ಮಾತಲ್ಲ, ನನ್ನ ಮಗಳು ಹೇಳಿದ್ದು ನಿಜ ಎಂದು ಬರೆದಿದ್ದೇನೆ. ತಮಿಳಿಗೆ ಮಾಡಿಸು. ಹೀಗೆ ಮಾಡಿದರೆ ಟಿ.ಸಿ. ಮಾತು ಮತ್ತೆ ಏಳಬಹುದು. ಈ ಸಲ ನಾನು ಏನೂ ಹೇಳುವುದಿಲ್ಲ. ನೀವು ಮೂವರು ಕುಳಿತು ಯೋಚಿಸಿ.

ನಿಶ್ಮಿತಾ, ನನ್ನದು ತಪ್ಪಾಯಿತು.

ಚಂದ್ರಮತಿ


ಟಿ. ನಗರ, ಚೆನ್ನೈ
7 ಸೆಪ್ಟೆಂಬರ್ 2025, ಭಾನುವಾರ

ಅಕ್ಕನಿಗೆ,

ನಿಮ್ಮ ಪತ್ರ ಬಂದ ದಿನವೇ ಮನೆಯಲ್ಲಿ ಹೇಳಿಬಿಟ್ಟೆ. ನಿಶ್ಮಿತಾ ಅಕ್ಕಿ ತೊಳೆಯುತ್ತಿದ್ದಳು. "ನನಗೆ ತಮಿಳು ಓದ್ಲಿಕ್ಕೆ ಬರುದಿಲ್ಲ, ಮೊದಲಿಂದಲೂ ಬರುದಿಲ್ಲ" ಎಂದೆ. ಅವಳ ಅಮ್ಮ ಅಯ್ಯೋ ಎಂದು ಕೂತುಬಿಟ್ಟಳು. ನಿಶ್ಮಿತಾ ಅಕ್ಕಿ ತೊಳೆಯುವುದನ್ನು ನಿಲ್ಲಿಸಲಿಲ್ಲ. ಮೂರು ನೀರು, ನಾಲ್ಕು ನೀರು, ಐದು ನೀರು. ನಾನು ಪತ್ರಗಳನ್ನೆಲ್ಲ ಅವಳ ಪುಸ್ತಕದ ಮೇಲಿಟ್ಟು ಹೋಟೆಲಿಗೆ ಬಂದೆ.

ರಾತ್ರಿ ಹೋದಾಗ ನಿಮ್ಮ ಕರಡು ತಮಿಳಾಗಿತ್ತು. ಅವಳ ಅಕ್ಷರ. ನಿಮ್ಮ ಕನ್ನಡದಲ್ಲಿ ಒಂದು ಸಾಲಿಗೆ ಅಡ್ಡಗೆರೆ ಎಳೆದಿದ್ದಳು. "ಸಣ್ಣ ವಯಸ್ಸಿನ ಅವಸರದಿಂದ ಆದದ್ದನ್ನು ಮನ್ನಿಸಬೇಕು" ಎಂದು ನೀವು ಕೊನೆಯಲ್ಲಿ ಬರೆದಿದ್ದಿರಲ್ಲ, ಅದು.

ಪೆನ್ನು ಕೊಟ್ಟಳು. ನಾನು ತೆಗೆದುಕೊಳ್ಳಲಿಲ್ಲ. "ಓದಿ ಹೇಳು" ಎಂದೆ. ಪೆನ್ನನ್ನು ಮತ್ತೆ ನನ್ನತ್ತ ಚಾಚಿದಳು. "ಓದಿ ಹೇಳು ಮಗಾ, ಕೇಳದೆ ಇನ್ನು ಎಲ್ಲಿಯೂ ಸಹಿ ಹಾಕುದಿಲ್ಲ" ಎಂದೆ. ಪೆನ್ನು ಕೆಳಗಿಟ್ಟು ಓದಿದಳು. ಒಂದೂವರೆ ತಿಂಗಳಾಗಿತ್ತು ಅವಳ ದನಿ ಕೇಳಿ. ಮೊದಲಿನ ರೇಡಿಯೋ ದನಿ ಅದಲ್ಲ. ಎಲ್ಲವನ್ನೂ ಕೇಳಿ ಸಹಿ ಹಾಕಿದೆ. ಟಿ.ಸಿ. ಕೊಟ್ಟರೆ ಏನು ಮಾಡುವುದು ಎಂದು ಅವಳಮ್ಮ ಕೇಳಿದಳು. ನಿಶ್ಮಿತಾ ಕಾಗದ ಮಡಚಿ ಲಕೋಟೆಗೆ ಹಾಕಿದಳು.

ಸೋಮವಾರ ಶಾಲೆಗೆ ಹೋದೆ. ಈ ಸಲ ಕಾಫಿ ಬರಲಿಲ್ಲ, ಕುರ್ಚಿ ನಾನೇ ಎಳೆದುಕೊಂಡೆ. ಮೇಡಂ ಓದಿ, "ಮುಗಿದ ವಿಷಯ ಯಾಕೆ ಸಾರ್ ಕೆದಕುತ್ತೀರಿ?" ಎಂದರು. ಹಳೆಯ ಕಾಗದ ವಾಪಸು ಕೊಡಿ ಎಂದೆ. ಫೈಲಿಗೆ ಹೋದದ್ದು ಹೊರಗೆ ಬರುವುದಿಲ್ಲವಂತೆ. ಬೇಕಾದರೆ ಇದನ್ನೂ ಅದರ ಹಿಂದೆ ಪಿನ್ ಮಾಡುತ್ತೇನೆ ಎಂದರು. "ಒಂದರಲ್ಲಿ ಮಗಳು ಸುಳ್ಳುಗಾತಿ ಎಂದಿದ್ದೀರಿ, ಇನ್ನೊಂದರಲ್ಲಿ ನಿಜ ಹೇಳಿದಳು ಎಂದಿದ್ದೀರಿ. ಎರಡರಲ್ಲೂ ನಿಮ್ಮದೇ ಸಹಿ. ನಾನು ಯಾವುದನ್ನು ನಂಬಲಿ?" ಎಂದು ಕೇಳಿದರು.

"ನಾನು ಕೇಳಿಸಿಕೊಂಡು ಸಹಿ ಹಾಕಿದ್ದನ್ನು" ಎಂದೆ.

ಇದನ್ನೂ ಪ್ರೇಯರಿನಲ್ಲಿ ಓದಿಸಿ ಎಂದು ಕೇಳಿದೆ. ಸುದ್ದಿ ಓದುವುದನ್ನೇ ನಿಲ್ಲಿಸಿದ್ದಾರಂತೆ. ಪೋಷಕರ ಕಮಿಟಿಯ ಮುಂದೆ ಇಡುತ್ತೇನೆ, ಅವರು ಟಿ.ಸಿ. ಕೊಡಿ ಎಂದರೆ ಕೊಡುತ್ತೇನೆ ಎಂದರು. ಗುಮಾಸ್ತರು ನನ್ನ ಪ್ರತಿಗೆ ಸೀಲು ಹೊಡೆದುಕೊಟ್ಟರು. ಗೆದ್ದೆ ಎಂದೂ ಅನ್ನಿಸಲಿಲ್ಲ, ಸೋತೆ ಎಂದೂ ಅನ್ನಿಸಲಿಲ್ಲ. ಬಸ್ಸು ಹತ್ತಿ ಹೋಟೆಲಿಗೆ ಬಂದು ಸಂಜೆಯ ಹಾಲಿಟ್ಟೆ.

ನಿಮ್ಮ ಮೇಲೆ ಸಿಟ್ಟು ಬರಬೇಕಿತ್ತು. ಬರುವಾಗ ಬರಲಿ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ.

ಐತಪ್ಪ


ಚೆನ್ನೈ
21-9-2025

ಅತ್ತೆಗೆ ನಿಶ್ಮಿತಾ ನಮಸ್ಕಾರ.

ನನ್ನ ಕನ್ನಡ ನಿಧಾನ. ಚಿಕ್ಕದಾಗಿ ಬರೆಯುತ್ತೇನೆ.

ಕಮಿಟಿ ಮೀಟಿಂಗ್ ಶುಕ್ರವಾರ ಆಯಿತು. ಟಿ.ಸಿ. ಇಲ್ಲ ಎಂದರು. ಅಪ್ಪನ ಎರಡನೇ ಕಾಗದವನ್ನು ಅಲ್ಲಿ ಯಾರೂ ಓದಲಿಲ್ಲ, ಟೈಮ್ ಆಯಿತು ಎಂದರು. ಟಾಯ್ಲೆಟ್ಟಿಗೆ ಈಗ ಬೆಳಿಗ್ಗೆ ಒಂದು ಗಂಟೆ ನೀರು ಬರುತ್ತದೆ. ಅದು ಮೊದಲೇ ಪ್ಲಾನ್ ಮಾಡಿದ್ದು ಎಂದು ಎಚ್.ಎಂ. ಪ್ರೇಯರಲ್ಲಿ ಹೇಳಿದರು. ಎಲ್ಲರೂ ಕೈ ತಟ್ಟಿದರು. ನಾನೂ ತಟ್ಟಿದೆ, ಯಾಕೆ ಎಂದು ಗೊತ್ತಿಲ್ಲ. ಸುದ್ದಿ ಇಲ್ಲದೆ ಪ್ರೇಯರ್ ಐದು ನಿಮಿಷ ಬೇಗ ಮುಗಿಯುತ್ತದೆ ಎಂದು ಹುಡುಗಿಯರಿಗೆ ಖುಷಿ.

ನನಗೆ ದುಃಖ ಇಲ್ಲ. ಕೋಪ ಇಲ್ಲ. ಮೈಕಿನಲ್ಲಿ ಆ ಕಾಗದ ಓದುವಾಗಲೂ ಇರಲಿಲ್ಲ. ಬೇರೆ ಯಾರೋ ಓದುತ್ತಾರೆ, ನಾನು ಸಾಲಿನಲ್ಲಿ ನಿಂತು ಕೇಳುತ್ತೇನೆ ಎನ್ನುವ ಹಾಗಿತ್ತು. ನಿಮ್ಮ ಶಾಲೆಯ ಆ ಹುಡುಗಿಗೂ ಹಾಗೆಯೇ ಇತ್ತೋ ಏನೋ.

ನೀವು ತಪ್ಪಾಯಿತು ಎಂದು ನನಗೆ ಬರೆದಿದ್ದೀರಿ. ಅವಳ ಬಗ್ಗೆ ಇಡೀ ಪೇಜ್ ಬರೆದಿದ್ದೀರಿ. ಹೆಸರು ಮಾತ್ರ ಬರೆದಿಲ್ಲ.

ಅವಳ ಹೆಸರು ಏನು ಅತ್ತೆ?

ನಿಶ್ಮಿತಾ


ವಿಟ್ಲ
12 ಅಕ್ಟೋಬರ್ 2025

ನಿಶ್ಮಿತಾ,

ನಿನ್ನ ಪತ್ರಕ್ಕೆ ಮೂರು ದಿನದಲ್ಲಿ ಉತ್ತರ ಬರೆಯಬೇಕೆಂದಿದ್ದೆ. ಹೆಸರು ನೆನಪಾದ ಮೇಲೆ ಬರೆಯೋಣ ಎಂದು ಕಾದೆ. ಎರಡು ಜಡೆ, ಹಳದಿ ರಿಬ್ಬನ್, ಎಡಗೈಯಲ್ಲಿ ಬರೆಯುತ್ತಿದ್ದಳು. ಅವಳ ತಂದೆಯ ಹೆಬ್ಬೆರಳಿಗೆ ಶಾಯಿ ಹಚ್ಚಿದ್ದು ನಾನೇ, ಆ ಬೆರಳು ಕಣ್ಣಿಗೆ ಕಟ್ಟಿದೆ. ಹೆಸರು ಬರಲಿಲ್ಲ.

ಮೊನ್ನೆ ರಿಕ್ಷಾ ಮಾಡಿಕೊಂಡು ಆ ಶಾಲೆಗೆ ಹೋದೆ. ಈಗಿನ ಹೆಡ್‌ಮಾಸ್ತರು ಮರ್ಯಾದೆಯಿಂದ ಹಳೆಯ ದಾಖಲಾತಿ ಪುಸ್ತಕ ತೆಗೆಸಿಕೊಟ್ಟರು. 2008ರಲ್ಲಿ ಏಳನೆಯ ತರಗತಿಯಿಂದ ವರ್ಷದ ನಡುವೆ ಶಾಲೆ ಬಿಟ್ಟ ಹುಡುಗಿಯರು ಮೂವರು. ಹರಿಣಾಕ್ಷಿ. ಪುಷ್ಪಲತಾ. ಬೇಬಿ. ಮೂವರ ತಂದೆಯ ಕಸುಬೂ ಬೀಡಿ. ಮೂವರ ಎದುರಿಗೂ ನನ್ನದೇ ಕೈಬರಹದಲ್ಲಿ 'ದೀರ್ಘ ಗೈರುಹಾಜರಿ' ಎಂದಿದೆ. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು, ಜೋರಾಗಿ ಹೇಳಿ ನೋಡಿದೆ. ಯಾವ ಹೆಸರಿಗೂ ಅವಳ ಮುಖ ಬರಲಿಲ್ಲ.

ಈ ಮೂವರಲ್ಲಿ ಒಬ್ಬಳು, ಮಗಾ. ಯಾರೆಂದು ನನಗೆ ಗೊತ್ತಿಲ್ಲ.

ಚಂದ್ರಮತಿ ಅತ್ತೆ